ಹಿತ್ತಲ ಗಿಡ ಮದ್ದಾಗಲು ಎಷ್ಟು ವರ್ಷ ಬೇಕು?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ನಂತರದ ಸ್ಥಾನ ಆರೋಗ್ಯದ ಪ್ರಶ್ನೆಗಳಿಗೆ. ಕಳೆದ ತಿಂಗಳು ಮುಂಬಯಿಯ ಕೇಳುಗರೊಬ್ಬರು ಬರೆದ ಪತ್ರ ಓದಿ ಒಂದು ಗಳಿಗೆ ಸುಮ್ಮನೆ ಕೂತುಬಿಟ್ಟೆ. ಅವರ ಅತ್ತಿಗೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಕಿಮೋಥೆರಪಿ ನಡೆಯುತ್ತಿದೆ. ಊರಿಂದ ಬಂದ ನೆಂಟರು, 'ಘಟ್ಟದಲ್ಲಿ ಒಂದು ಮರ ಇದೆ, ಅದರ ತೊಗಟೆ ಕುದಿಸಿ ಕುಡಿಸಿ, ವಿದೇಶದವರು ಅದರಿಂದಲೇ ಕ್ಯಾನ್ಸರಿನ ಇಂಜೆಕ್ಷನ್ ಮಾಡುತ್ತಾರೆ' ಎಂದಿದ್ದಾರಂತೆ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆ ಇತ್ತು. ಇದು ನಿಜವೇ? ನಿಜವಾದರೆ ಆಸ್ಪತ್ರೆಗೆ ಯಾಕೆ ಅಲೆಯಬೇಕು?

ಹೌದು ಅಥವಾ ಇಲ್ಲ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸುವ ಪ್ರಶ್ನೆಯಲ್ಲ ಇದು. ಯಾಕೆಂದರೆ ಆ ಮರ ನಿಜವಾಗಿಯೂ ಇದೆ. ಅದರಲ್ಲಿರುವ ವಸ್ತುವಿನಿಂದ ಮದ್ದು ತಯಾರಾಗುವುದೂ ನಿಜ. ಅಷ್ಟೇ ಅಲ್ಲ, ಪತ್ರ ಬರೆದವರ ಅತ್ತಿಗೆಯಂಥ ರೋಗಿಗಳಿಗೆ, ಅಂದರೆ ಕರುಳಿನ ಕ್ಯಾನ್ಸರಿಗೆ, ವೈದ್ಯರು ಕೊಡುವ ಮದ್ದುಗಳಲ್ಲಿ ಅದೂ ಒಂದು. ಹಾಗಾದರೆ ತೊಗಟೆ ಕುದಿಸಿದರೆ ಸಾಕಲ್ಲವೇ? ಉತ್ತರ ತಿಳಿಯಬೇಕಾದರೆ ಆ ಮದ್ದಿನ ಚರಿತ್ರೆಯನ್ನೇ ಕೇಳಬೇಕು. ಆ ಚರಿತ್ರೆಯಲ್ಲಿ ನಮ್ಮ ಮುಂಬಯಿ ಇದೆ, ಮದರಾಸು ಇದೆ, ಬೆಂಗಳೂರು ಇದೆ, ನಮ್ಮ ಮಲೆನಾಡೂ ಇದೆ.

ಒಂದನ್ನು ಹುಡುಕಲು ಹೋಗಿ

ಕತೆ ಶುರುವಾಗುವುದು ಅಮೆರಿಕದಲ್ಲಿ, ಅದೂ ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕೆಲಸದಿಂದ. 1949ರಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡು ಸಂಧಿವಾತದ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿತು ಎಂಬ ಸುದ್ದಿ ಜಗತ್ತನ್ನೇ ಬೆರಗುಗೊಳಿಸಿತ್ತು. ಮರುವರ್ಷ ಆ ಕೆಲಸಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಕಾರ್ಟಿಸೋನ್ ತಯಾರಿಸುವುದು ಬಹಳ ದುಬಾರಿ. ಗಿಡಗಳಿಂದ ಅದರ ಕಚ್ಚಾವಸ್ತು ಸಿಕ್ಕೀತೇ ಎಂದು ಅಮೆರಿಕದ ಕೃಷಿ ಇಲಾಖೆ ಹುಡುಕಾಟ ಶುರು ಮಾಡಿತು. ಫಿಲಡೆಲ್ಫಿಯಾ ಬಳಿಯ ಇಲಾಖೆಯ ಪ್ರಯೋಗಾಲಯದಲ್ಲಿ ಈ ಕೆಲಸದ ಹೊಣೆ ಹೊತ್ತವರು ಮನ್ರೋ ವಾಲ್ ಎಂಬ ರಸಾಯನ ವಿಜ್ಞಾನಿ. ಸಾವಿರಾರು ಗಿಡಗಳ ಎಲೆ, ಕಡ್ಡಿ, ತೊಗಟೆಯ ಸಾರ ತೆಗೆದು ಬಾಟಲಿಗಳಲ್ಲಿ ಕಾಪಾಡಿಟ್ಟಿದ್ದರು.

1957ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೊನಾಥನ್ ಹಾರ್ಟ್‌ವೆಲ್ ಅಲ್ಲಿಗೆ ಬಂದರು. 'ನಿಮ್ಮ ಬಾಟಲಿಗಳನ್ನು ನಮಗೂ ಸ್ವಲ್ಪ ಕೊಡಿ, ಕ್ಯಾನ್ಸರಿನ ಮೇಲೆ ಪರೀಕ್ಷಿಸಿ ನೋಡೋಣ' ಎಂಬುದು ಅವರ ಕೋರಿಕೆ. ವಾಲ್ 1000 ಸಾರಗಳನ್ನು ಕಳುಹಿಸಿದರು. ಗೆಡ್ಡೆ ಬೆಳೆದ ಇಲಿಗಳ ಮೇಲೆ ಪ್ರಯೋಗ ನಡೆದು 1958ರಲ್ಲಿ ಫಲಿತಾಂಶ ಬಂತು. ಸಾವಿರದಲ್ಲಿ ಗಮನ ಸೆಳೆಯುವಷ್ಟು ಶಕ್ತಿ ತೋರಿದ್ದು ಒಂದೇ ಒಂದು ಮರದ ಸಾರ!

ಅದು ಚೀನಾ ಮೂಲದ ಮರ. ಸಸ್ಯಶಾಸ್ತ್ರದಲ್ಲಿ ಕ್ಯಾಂಪ್ಟೊಥೆಕಾ ಅಕ್ಯುಮಿನಾಟಾ ಎಂದು ಹೆಸರು. ಚೀನೀಯರು ಕರೆಯುವುದು 'ಷಿ ಷು' ಎಂದು. ಅರ್ಥ, ಸಂತೋಷದ ಮರ. ಕ್ಯಾಲಿಫೋರ್ನಿಯಾದ ಚಿಕೋ ಎಂಬ ಊರಿನ ಸರ್ಕಾರಿ ಸಸ್ಯಕೇಂದ್ರದಲ್ಲಿ ಅದನ್ನು ಬೆಳೆಸಿದ್ದರು.

ಆದರೆ ಕೃಷಿ ಇಲಾಖೆಗೆ ಕ್ಯಾನ್ಸರಿನಲ್ಲಿ ಆಸಕ್ತಿ ಇರಲಿಲ್ಲ. ಅದು ಅವರ ಕೆಲಸವೂ ಅಲ್ಲ. ಆ ಮರದ ಬೆನ್ನು ಹತ್ತಲು ವಾಲ್ ಕೆಲಸವನ್ನೇ ಬದಲಾಯಿಸಬೇಕಾಯಿತು. 1960ರಲ್ಲಿ ಅವರು ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್ ಎಂಬ ಹೊಸ ಸಂಸ್ಥೆಗೆ ಸೇರಿದರು.

ನಂದೂರ್‌ಬಾರಿನ ಮೇಷ್ಟ್ರು

ಎರಡು ವರ್ಷದ ನಂತರ, 1962ರಲ್ಲಿ, ಅದೇ ಪ್ರಯೋಗಾಲಯಕ್ಕೆ ಒಬ್ಬ ಭಾರತೀಯ ಬಂದು ಸೇರಿದರು. ಹೆಸರು ಮನ್‌ಸುಖ್ ವಾಣಿ. ಹುಟ್ಟಿದ್ದು 1925ರಲ್ಲಿ, ಮಹಾರಾಷ್ಟ್ರದ ನಂದೂರ್‌ಬಾರಿನಲ್ಲಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಅಂಧೇರಿಯ ಭವನ್ಸ್ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿ, ಮೂವತ್ತು ದಾಟಿದ ಮೇಲೆ ಡಾಕ್ಟರೇಟ್ ಮಾಡಲು ಅಮೆರಿಕಕ್ಕೆ ಹೋದವರು. ಅಂಧೇರಿಯ ಕೇಳುಗರು ಆ ಕಾಲೇಜಿನ ಮುಂದೆ ಎಷ್ಟೋ ಸಲ ಹಾದು ಹೋಗಿರುತ್ತೀರಿ.

ವಾಲ್ ಮತ್ತು ವಾಣಿ ಕೈಗೆತ್ತಿಕೊಂಡ ಕೆಲಸ ಕೇಳಲು ಸುಲಭ, ಮಾಡಲು ಕಷ್ಟ. ಒಂದು ಮರದ ಸಾರದಲ್ಲಿ ನೂರಾರು ವಸ್ತುಗಳಿರುತ್ತವೆ. ಟ್ಯಾನಿನ್ ಇರುತ್ತದೆ, ಸಕ್ಕರೆ ಇರುತ್ತದೆ, ಬಣ್ಣ ಇರುತ್ತದೆ, ಅಂಟು ಇರುತ್ತದೆ. ಇಷ್ಟರಲ್ಲಿ ಕ್ಯಾನ್ಸರನ್ನು ತಡೆದದ್ದು ಯಾವುದು? ಸಾರವನ್ನು ಭಾಗ ಮಾಡಬೇಕು. ಒಂದೊಂದು ಭಾಗವನ್ನೂ ಇಲಿಗೆ ಕೊಟ್ಟು ನೋಡಬೇಕು. ಶಕ್ತಿ ಇರುವ ಭಾಗವನ್ನು ಮತ್ತೆ ಭಾಗ ಮಾಡಬೇಕು. ಒಂದೊಂದು ಸುತ್ತಿಗೂ ತಿಂಗಳುಗಟ್ಟಲೆ ಕಾಯಬೇಕು. ಗೋಣಿಚೀಲ ರಾಗಿಯಲ್ಲಿ ಒಂದು ಸಾಸಿವೆ ಕಾಳು ಹುಡುಕಿದ ಹಾಗೆ, ಸುಮಾರು 20 ಕಿಲೋ ಮರದ ಚಕ್ಕೆಯನ್ನು ಹೀಗೆ ಸೋಸಿ ಸೋಸಿ ಕೊನೆಗೆ ತೆಳು ಹಳದಿ ಬಣ್ಣದ ಹರಳುಗಳನ್ನು ಪಡೆದರು. ಅದಕ್ಕೆ ಕ್ಯಾಂಪ್ಟೊಥೆಸಿನ್ ಎಂದು ಹೆಸರಿಟ್ಟು, ಅದರ ಅಣುರಚನೆಯನ್ನು 1966ರಲ್ಲಿ ಪ್ರಕಟಿಸಿದರು.

ಇದೇ ಜೋಡಿ 1971ರಲ್ಲಿ ಯೂ ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ಇನ್ನೊಂದು ವಸ್ತುವಿನ ರಚನೆಯನ್ನೂ ಪ್ರಕಟಿಸಿತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಇಂದು ಜಗತ್ತಿನಾದ್ಯಂತ ಬಳಸುವ ಮದ್ದು ಅದು. ಒಂದೇ ಪ್ರಯೋಗಾಲಯ, ಇಬ್ಬರು ಮನುಷ್ಯರು, ಎರಡು ಮರ, ಎರಡು ಮದ್ದಿನ ಮೂಲ. ವಾಲ್ 2002ರಲ್ಲಿ ತೀರಿಕೊಂಡರು, ವಾಣಿ 2020ರಲ್ಲಿ.

ಮೊದಲ ಸೋಲು

ಕತೆ ಇಲ್ಲಿಗೇ ಸುಖಾಂತ್ಯವಾಗಬೇಕಿತ್ತು. ಆಗಲಿಲ್ಲ. ಕ್ಯಾಂಪ್ಟೊಥೆಸಿನ್‌ಗೆ ಒಂದು ದೊಡ್ಡ ದೋಷ ಇತ್ತು. ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರಗದ ವಸ್ತುವನ್ನು ರಕ್ತನಾಳಕ್ಕೆ ಕೊಡುವುದು ಹೇಗೆ? ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಅಣುವಿನಲ್ಲಿರುವ ಐದು ಉಂಗುರಗಳಲ್ಲಿ ಒಂದನ್ನು ಬಿಡಿಸಿ, ಸೋಡಿಯಂ ಲವಣವಾಗಿ ಮಾಡಿದರೆ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತಿತ್ತು. ಆ ರೂಪದಲ್ಲೇ 1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು.

ಫಲಿತಾಂಶ ನಿರಾಶೆಯದು. ಗೆಡ್ಡೆಗಳು ಅಷ್ಟಾಗಿ ಕರಗಲಿಲ್ಲ. ಬದಲಿಗೆ ರೋಗಿಗಳಿಗೆ ಮೂತ್ರಕೋಶದಲ್ಲಿ ರಕ್ತಸ್ರಾವ, ತೀವ್ರ ಭೇದಿ ಶುರುವಾಯಿತು. ರಕ್ತದ ಬಿಳಿಕಣಗಳು ಕುಸಿದವು. 1972ರಲ್ಲಿ ಪ್ರಯೋಗ ನಿಲ್ಲಿಸಿದರು.

ಏನು ತಪ್ಪಾಯಿತು ಎಂದು ಆಮೇಲೆ ತಿಳಿಯಿತು. ಆ ಉಂಗುರ ಮುಚ್ಚಿಕೊಂಡಿದ್ದರೆ ಮಾತ್ರ ಅಣುವಿಗೆ ಶಕ್ತಿ. ಕರಗಿಸಲೆಂದು ಅದನ್ನು ಬಿಡಿಸಿದಾಗ ಮದ್ದಿನ ಬಲವೇ ಹೋಯಿತು. ಆದರೆ ಮೂತ್ರದ ಹುಳಿಗುಣಕ್ಕೆ ಸಿಕ್ಕಿದಾಗ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತಿತ್ತು! ಅಂದರೆ ಗೆಡ್ಡೆಯ ಹತ್ತಿರ ನಿದ್ದೆ ಮಾಡುತ್ತಿದ್ದ ವಸ್ತು ಮೂತ್ರಕೋಶಕ್ಕೆ ಬಂದು ಎಚ್ಚರಗೊಂಡು, ಅಲ್ಲಿನ ಒಳಪದರವನ್ನು ಸುಡುತ್ತಿತ್ತು. ಕೇಳುಗರೇ, ಈ ಮಾತನ್ನು ನೆನಪಿನಲ್ಲಿಡಿ. ಪತ್ರಕ್ಕೆ ಉತ್ತರ ಹೇಳುವಾಗ ಇದು ಬೇಕಾಗುತ್ತದೆ.

ಗೋರೆಗಾಂವ್‌ನಲ್ಲಿ ದುರ್ವಾಸನೆ ಮರ

ಅಮೆರಿಕ ಕೈಬಿಟ್ಟ ಅದೇ 1972ರಲ್ಲಿ ಮುಂಬಯಿಯಿಂದ ಒಂದು ಸುದ್ದಿ ಬಂತು. ಗೋರೆಗಾಂವ್‌ನಲ್ಲಿ ಸೀಬಾ ಸಂಶೋಧನಾ ಕೇಂದ್ರ ಎಂಬ ಪ್ರಯೋಗಾಲಯ ಇತ್ತು. 1963ರಲ್ಲಿ ಅದನ್ನು ಉದ್ಘಾಟಿಸಿದವರು ಪಂಡಿತ್ ನೆಹರೂ. ನಿರ್ದೇಶಕರಾಗಿದ್ದವರು ಟಿ. ಆರ್. ಗೋವಿಂದಾಚಾರಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದು, ಅಲ್ಲಿಂದ ಇಲ್ಲಿಗೆ ಬಂದವರು. ಭಾರತದ ಗಿಡಗಳ ರಸಾಯನವನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ವಿರಳ.

ಗೋವಿಂದಾಚಾರಿ ಮತ್ತು ಅವರ ಸಹೋದ್ಯೋಗಿ ವಿಶ್ವನಾಥನ್ ಸಹ್ಯಾದ್ರಿಯ ಒಂದು ಸಣ್ಣ ಮರವನ್ನು ಪರೀಕ್ಷಿಸಿದರು. ಆಗಿನ ಸಸ್ಯಶಾಸ್ತ್ರೀಯ ಹೆಸರು ಮಾಪಿಯಾ ಫೀಟಿಡಾ. ಫೀಟಿಡಾ ಎಂದರೆ ನಾರುವುದು. ಮಳೆಗಾಲದಲ್ಲಿ ಬಿಡುವ ಅದರ ತೆಳು ಹಳದಿ ಹೂವಿಗೆ ಕೆಟ್ಟ ವಾಸನೆ. ಕನ್ನಡದಲ್ಲಿ ಇದಕ್ಕೆ ದುರ್ವಾಸನೆ ಮರ ಎಂದೇ ಹೆಸರು. ಮರಾಠಿಯಲ್ಲಿ ನರಕ್ಯಾ. ಪುಣೆಯವರು ಮಹಾಬಲೇಶ್ವರಕ್ಕೆ ಹೋದಾಗ, ಬೆಳಗಾವಿ ಕಡೆಯವರು ಅಂಬೋಲಿ ಘಾಟಿಯಲ್ಲಿ, ನಮ್ಮ ಮಲೆನಾಡಿನವರು ಶಿವಮೊಗ್ಗ, ಉತ್ತರ ಕನ್ನಡ, ಕೊಡಗಿನ ಕಾಡಿನಲ್ಲಿ ಈ ಮರವನ್ನು ಗುರುತಿಸದೆಯೇ ದಾಟಿ ಹೋಗಿರುತ್ತಾರೆ. ಇಂದು ಅದರ ಶಾಸ್ತ್ರೀಯ ಹೆಸರು ನೊಥಾಪೊಡೈಟಿಸ್ ನಿಮ್ಮೋನಿಯಾನಾ. ಜೋಸೆಫ್ ನಿಮ್ಮೋ ಎಂಬ ಸಸ್ಯಪ್ರೇಮಿಯ ನೆನಪಿಗೆ ಜಾನ್ ಗ್ರಹಾಂ ಎಂಬಾತ 1839ರಲ್ಲಿ ಮುಂಬಯಿ ಸುತ್ತಲಿನ ಗಿಡಗಳ ಪಟ್ಟಿಯಲ್ಲಿ ಇಟ್ಟ ಹೆಸರಿನ ಉಳಿಕೆ ಅದು. ಹೆಸರಿನಲ್ಲೇ ಮುಂಬಯಿ ನಂಟು ನೋಡಿ!

ಗೋರೆಗಾಂವ್‌ನ ವಿಜ್ಞಾನಿಗಳಿಗೆ ಆ ಮರದಲ್ಲಿ ಸಿಕ್ಕಿದ್ದು ಅದೇ ಕ್ಯಾಂಪ್ಟೊಥೆಸಿನ್. ಚೀನಾದ ಮರಕ್ಕೂ ನಮ್ಮ ಮರಕ್ಕೂ ಕುಲದ ಸಂಬಂಧವಿಲ್ಲ. ಆದರೂ ಇಬ್ಬರೂ ಒಂದೇ ವಿಷ ತಯಾರಿಸುತ್ತಾರೆ. ಅದೂ ನಮ್ಮ ಮರದಲ್ಲಿ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ಒಣಗಿದ ಮರದಲ್ಲಿ ಸುಮಾರು ಶೇಕಡ 0.1, ಅಂದರೆ 1000 ಕಿಲೋಗೆ ಒಂದು ಕಿಲೋದಷ್ಟು. ಚೀನಾದ ಸಂತೋಷದ ಮರಕ್ಕಿಂತ ನಮ್ಮ ದುರ್ವಾಸನೆ ಮರವೇ ಧಾರಾಳಿ.

ವಾಣಿ ಪಾಠ ಹೇಳಿದ ಅಂಧೇರಿಯಿಂದ ಈ ಗೋರೆಗಾಂವ್‌ಗೆ ಲೋಕಲ್ ಟ್ರೇನಿನಲ್ಲಿ ಹತ್ತು ನಿಮಿಷದ ದಾರಿ. ಒಂದೇ ವಸ್ತುವಿನ ಚರಿತ್ರೆಯ ಎರಡು ಎಳೆಗಳು ಇಷ್ಟು ಹತ್ತಿರದಲ್ಲಿ ಇದ್ದವು.

ಆದರೆ ಮದ್ದನ್ನೇ ಕೈಬಿಟ್ಟ ಮೇಲೆ ಮರ ಸಿಕ್ಕು ಏನು ಪ್ರಯೋಜನ? ಮುಂದಿನ 13 ವರ್ಷ ಕ್ಯಾಂಪ್ಟೊಥೆಸಿನ್ ಬಹುತೇಕ ಕಪಾಟಿನಲ್ಲೇ ಉಳಿಯಿತು.

ಹಳಿ ಬಿಚ್ಚಿದ ಗ್ಯಾಂಗು

1985ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಲೀರಾಯ್ ಲಿಯು ಮತ್ತು ಸಂಗಡಿಗರು, ಈ ವಸ್ತು ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಹೇಗೆ ಎಂಬ ಗುಟ್ಟು ಬಿಡಿಸಿದರು.

ನಮ್ಮ ಕೋಶದೊಳಗಿನ ಡಿಎನ್‌ಎ ಎರಡು ಎಳೆಯ ಹುರಿಹಗ್ಗ. ಕೋಶ ಒಡೆದು ಎರಡಾಗುವ ಮುನ್ನ ಈ ಹಗ್ಗವನ್ನು ಬಿಡಿಸಿ ನಕಲು ಮಾಡಬೇಕು. ಹುರಿ ಹಗ್ಗವನ್ನು ಒಂದು ಕಡೆಯಿಂದ ಬಿಡಿಸುತ್ತ ಹೋದರೆ ಮುಂದಿನ ಭಾಗ ಇನ್ನೂ ಬಿಗಿಯಾಗಿ ತಿರುಚಿಕೊಳ್ಳುತ್ತದೆ ಅಲ್ಲವೇ? ಆ ಬಿಗಿ ಸಡಿಲಿಸಲು ಕೋಶದಲ್ಲಿ ಟೋಪೋಐಸೋಮರೇಸ್ ಎಂಬ ಕಿಣ್ವ ಇದೆ. ಅದು ಒಂದು ಎಳೆಯನ್ನು ಕತ್ತರಿಸಿ, ತಿರುಚು ಬಿಡಿಸಿ, ಮತ್ತೆ ಬೆಸೆದು ಹೋಗುತ್ತದೆ. ಕ್ಯಾಂಪ್ಟೊಥೆಸಿನ್ ಮಾಡುವುದು ಇಷ್ಟೇ. ಕತ್ತರಿಸಿದ ನಂತರ, ಬೆಸೆಯುವ ಮೊದಲು, ಆ ಕಿಣ್ವವನ್ನು ಅಲ್ಲೇ ಹಿಡಿದು ನಿಲ್ಲಿಸಿಬಿಡುತ್ತದೆ.

ಮುಂಬಯಿ ಭಾಷೆಯಲ್ಲಿ ಹೇಳುವುದಾದರೆ, ರೈಲ್ವೆ ಗ್ಯಾಂಗು ದುರಸ್ತಿಗೆಂದು ಒಂದು ಹಳಿ ಬಿಚ್ಚಿದೆ. ಅಷ್ಟರಲ್ಲಿ ಯಾರೋ ಗ್ಯಾಂಗಿನ ಕೈ ಕಟ್ಟಿಹಾಕಿದ್ದಾರೆ. ಹಿಂದಿನಿಂದ ಫಾಸ್ಟ್ ಲೋಕಲ್ ಬರುತ್ತಿದೆ. ಇಲ್ಲಿ ಆ ಲೋಕಲ್ ಅಂದರೆ ಡಿಎನ್‌ಎ ನಕಲು ಮಾಡುವ ಯಂತ್ರ. ಢಿಕ್ಕಿಯಾದರೆ ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಟ್ರೇನು ಹೆಚ್ಚು ಓಡುವ ಮಾರ್ಗದಲ್ಲಿ ಅಪಘಾತವೂ ಹೆಚ್ಚು. ಒಂದೇ ಸಮನೆ ಒಡೆಯುವ ಕ್ಯಾನ್ಸರ್ ಕೋಶಕ್ಕೆ ಹೆಚ್ಚು ಪೆಟ್ಟು ಬೀಳುವುದು ಇದಕ್ಕೇ. ಆದರೆ ಕರುಳಿನ ಒಳಪದರ, ಎಲುಬಿನ ಮಜ್ಜೆ ಇವುಗಳಲ್ಲೂ ಕೋಶಗಳು ಸದಾ ಒಡೆಯುತ್ತಿರುತ್ತವೆ. ಭೇದಿಯಾಗುವುದು, ಬಿಳಿಕಣ ಕುಸಿಯುವುದು ಇದರಿಂದಲೇ. ವಿಷ ಬೇರೆ, ಮದ್ದು ಬೇರೆ ಅಲ್ಲ. ಪ್ರಮಾಣ, ರೂಪ, ಸಮಯ ಇವು ಮೂರೇ ಅವೆರಡನ್ನು ಬೇರೆ ಮಾಡುವುದು.

ಅಂದಹಾಗೆ, ಮರ ತಾನೇ ಈ ವಿಷದಿಂದ ಸಾಯುವುದಿಲ್ಲವೇಕೆ? 2008ರಲ್ಲಿ ಜಪಾನಿನ ವಿಜ್ಞಾನಿಗಳು ಇದಕ್ಕೂ ಉತ್ತರ ಕಂಡುಕೊಂಡರು. ಕ್ಯಾಂಪ್ಟೊಥೆಸಿನ್ ತಯಾರಿಸುವ ಗಿಡಗಳ ಸ್ವಂತ ಕಿಣ್ವದಲ್ಲಿ ಒಂದು ಸಣ್ಣ ಬದಲಾವಣೆ ಇದೆ. ವಿಷ ಅದನ್ನು ಹಿಡಿಯಲಾರದು. ತನ್ನ ಮನೆಗೆ ಮೊದಲು ಭದ್ರ ಬೀಗ ಹಾಕಿಕೊಂಡೇ ಮರ ವಿಷ ಮಾಡಲು ಕುಳಿತಿದೆ! ನಮ್ಮ ಕಿಣ್ವದಲ್ಲಿ ಆ ಬೀಗ ಇಲ್ಲ.

ಕೊನೆಗೂ ಮದ್ದಾಯಿತು

ಗುಟ್ಟು ತಿಳಿದ ಮೇಲೆ ಕಂಪನಿಗಳಿಗೆ ಉತ್ಸಾಹ ಬಂತು. ಉಂಗುರವನ್ನು ಮುಟ್ಟದೆ, ಅಣುವಿನ ಇನ್ನೊಂದು ಬದಿಗೆ ನೀರಿನಲ್ಲಿ ಕರಗುವ ಬಾಲ ಜೋಡಿಸಿದರೆ? ಜಪಾನಿನ ಯಾಕುಲ್ಟ್ ಕಂಪನಿ ಈ ದಾರಿಯಲ್ಲಿ ಆಗಲೇ ಹೊರಟಿತ್ತು. ಹೌದು, ಪುಟ್ಟ ಬಾಟಲಿಯಲ್ಲಿ ಹುಳಿಹಾಲಿನ ಪಾನೀಯ ಮಾರುತ್ತದಲ್ಲ, ಅದೇ ಯಾಕುಲ್ಟ್. ಅವರು ತಯಾರಿಸಿದ ಇರಿನೋಟೆಕನ್ 1994ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. 1996ರಲ್ಲಿ ಅಮೆರಿಕ ಎರಡು ಮದ್ದುಗಳಿಗೆ ಒಪ್ಪಿಗೆ ಕೊಟ್ಟಿತು. ಅಂಡಾಶಯದ ಕ್ಯಾನ್ಸರಿಗೆ ಟೋಪೋಟೆಕನ್, ದೊಡ್ಡ ಕರುಳಿನ ಕ್ಯಾನ್ಸರಿಗೆ ಇರಿನೋಟೆಕನ್. ಎರಡಕ್ಕೂ ಕಚ್ಚಾವಸ್ತು ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್.

1966ರಿಂದ 1996. ಲೆಕ್ಕ ಹಾಕಿ, 30 ವರ್ಷ. ಇಲಿಯ ಮೇಲೆ ಮೊದಲ ಫಲ ಕಂಡ 1958ರಿಂದ ಎಣಿಸಿದರೆ 38.

ಫಲ ಎಷ್ಟು ಎಂದು ಕೇಳಬಹುದು. ಉತ್ಪ್ರೇಕ್ಷೆ ಬೇಡ, ಅಂಕಿಯನ್ನೇ ಹೇಳುತ್ತೇನೆ. ಮೊದಲ ಸುತ್ತಿನ ಮದ್ದು ಕೈಕೊಟ್ಟ, ರೋಗ ದೇಹದಲ್ಲಿ ಹರಡಿದ ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಬರೀ ಆರೈಕೆ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು 100ಕ್ಕೆ 14 ಮಂದಿ. ಆರೈಕೆಯ ಜೊತೆ ಇರಿನೋಟೆಕನ್ ಕೂಡ ಪಡೆದವರಲ್ಲಿ 36 ಮಂದಿ. ಇದು ಪವಾಡ ಅಲ್ಲ. ಆದರೆ ಮಗಳ ಮದುವೆ ನೋಡಿ ಹೋದೇನು ಎಂದು ಕಾದಿರುವ ತಾಯಿಗೆ ಆ ಅಂತರ ಸಣ್ಣದೂ ಅಲ್ಲ. ನಂತರದ ವರ್ಷಗಳಲ್ಲಿ ಬೇರೆ ಮದ್ದುಗಳ ಜೊತೆ ಬೆರೆಸಿ ಮೊದಲ ಹಂತದಲ್ಲೇ ಕೊಡುವ ಕ್ರಮ ಬಂತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇರಿನೋಟೆಕನ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ಪಟ್ಟಿಗೆ ಅದು 2022ರಲ್ಲಿ ಸೇರಿತು.

ಚರಿತ್ರೆ ಅಲ್ಲಿಗೂ ನಿಂತಿಲ್ಲ. ಕ್ಯಾಂಪ್ಟೊಥೆಸಿನ್‌ನ ಮರಿಮಕ್ಕಳನ್ನು ಪ್ರತಿಕಾಯಗಳ ಬೆನ್ನಿಗೆ ಕಟ್ಟಿ, ನೇರವಾಗಿ ಕ್ಯಾನ್ಸರ್ ಕೋಶದ ಬಾಗಿಲಿಗೇ ಕಳುಹಿಸುವ ಮದ್ದುಗಳು ಬಂದಿವೆ. ಸ್ತನ ಕ್ಯಾನ್ಸರಿಗೆ ಅಂಥ ಎರಡು ಮದ್ದುಗಳಿಗೆ ಅಮೆರಿಕದಲ್ಲಿ 2019 ಮತ್ತು 2020ರಲ್ಲಿ ಒಪ್ಪಿಗೆ ಸಿಕ್ಕಿತು.

ಮರದ ಪಾಡು

ಇಷ್ಟೆಲ್ಲ ಆದದ್ದು ಮನುಷ್ಯರಿಗೆ. ಮರಕ್ಕೆ ಏನಾಯಿತು?

ಮದ್ದಿಗೆ ಬೇಡಿಕೆ ಬಂದ ಮೇಲೆ ಸಹ್ಯಾದ್ರಿಯಲ್ಲಿ ಕೊಡಲಿ ಸದ್ದು ಕೇಳತೊಡಗಿತು. ದುರ್ವಾಸನೆ ಮರದ ಕಾಂಡ, ಬೇರು, ತೊಗಟೆ ಚಕ್ಕೆಯಾಗಿ, ಪುಡಿಯಾಗಿ ಹೊರದೇಶಕ್ಕೆ ಹೋಯಿತು. ಕಾಡಿನಿಂದ ಕದ್ದು ಸಾಗಿಸುವವರೂ ಹುಟ್ಟಿಕೊಂಡರು. ಕಡಿದವನಿಗೆ ಸಿಕ್ಕಿದ್ದು ದಿನಗೂಲಿ. ನೆನಪಿಡಿ, ಇದು ಹೆಮ್ಮರವಲ್ಲ, ಸಣ್ಣ ಮರ. 1000 ಕಿಲೋಗೆ ಒಂದು ಕಿಲೋ ಎಂದರೆ ಎಷ್ಟು ಮರ ಉರುಳಬೇಕು ನೀವೇ ಯೋಚಿಸಿ. ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಈ ಮರ ಅಪಾಯದಲ್ಲಿರುವ ಔಷಧೀಯ ಸಸ್ಯಗಳ ಪಟ್ಟಿ ಸೇರಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಶ್ಚಿಮ ಘಟ್ಟದುದ್ದಕ್ಕೂ ಈ ಮರದ ನೆಲೆಗಳನ್ನು ಗುರುತಿಸಿ, ಯಾವ ಕಾಡಿನ ಮರದಲ್ಲಿ ಸತ್ವ ಹೆಚ್ಚು ಎಂದು ಅಳೆದರು. ಹೆಚ್ಚು ಸತ್ವದ ಮರದ ಬೀಜ ತಂದು ತೋಟದಲ್ಲಿ ಬೆಳೆದರೆ ಕಾಡು ಉಳಿದೀತು ಎಂಬ ಆಸೆ ಇದರ ಹಿಂದೆ. 2005ರಲ್ಲಿ ಜಮ್ಮುವಿನ ಪ್ರಯೋಗಾಲಯದಿಂದ ಇನ್ನೊಂದು ಸ್ವಾರಸ್ಯದ ಸುದ್ದಿ ಬಂತು. ಈ ಮರದೊಳಗೆ ತೊಂದರೆ ಕೊಡದೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದಂತೆ. ಅದನ್ನು ಡ್ರಮ್ಮಿನಲ್ಲಿ ಬೆಳೆಸಿದರೆ ಮರವನ್ನೇ ಕಡಿಯಬೇಕಿಲ್ಲವಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ಆದರೆ ಮರದಿಂದ ಬೇರ್ಪಡಿಸಿ ತಲೆಮಾರು ತಲೆಮಾರಾಗಿ ಬೆಳೆಸುತ್ತ ಹೋದಂತೆ ಇಂಥ ಶಿಲೀಂಧ್ರಗಳು ತಮ್ಮ ವಿದ್ಯೆಯನ್ನು ಮರೆಯುತ್ತ ಬರುತ್ತವೆ. ಕಾಡಿನ ಸಹವಾಸ ಬಿಟ್ಟರೆ ಕೈಚಳಕವೂ ಹೋಗುತ್ತದೆ ಎಂದು ಕಾಣುತ್ತದೆ. ಊರು ಬಿಟ್ಟು ಬಂದ ನಮಗೆ ಇದು ಹೊಸ ಮಾತೇನಲ್ಲ!

ಪತ್ರಕ್ಕೆ ಉತ್ತರ

ಈಗ ನಮ್ಮ ಕೇಳುಗರ ಪತ್ರಕ್ಕೆ ಬರೋಣ.

ಮೊದಲ ಪ್ರಶ್ನೆ, ಇದು ನಿಜವೇ? ನಿಜ. ಘಟ್ಟದ ಮರದಲ್ಲಿ ಕ್ಯಾನ್ಸರಿಗೆ ಎದುರಾಗುವ ವಸ್ತು ಇದೆ.

ಎರಡನೆಯದು, ಹಾಗಾದರೆ ಆಸ್ಪತ್ರೆಗೆ ಯಾಕೆ? ಇದಕ್ಕೆ ಉತ್ತರ ಆ 30 ವರ್ಷಗಳಲ್ಲೇ ಇದೆ. ಮರದಲ್ಲಿರುವ ಆ ವಸ್ತು ನೀರಿನಲ್ಲಿ ಕರಗುವುದಿಲ್ಲ. ಒಂದು ಮರದಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಕುದಿಸಿದ ಲೋಟದಲ್ಲಿ ಎಷ್ಟು ಬಂತು, ಮೈಗೆ ಎಷ್ಟು ಹತ್ತಿತು ಎಂದು ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ. ಕಡಿಮೆಯಾದರೆ ಗೆಡ್ಡೆ ಬೆಳೆಯುತ್ತದೆ. ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು 1972ರ ಮುಂಚಿನ ರೋಗಿಗಳು ತಮ್ಮ ಮೈಮೇಲೆ ಅನುಭವಿಸಿದ್ದಾರೆ. ಆಸ್ಪತ್ರೆಯ ಇಂಜೆಕ್ಷನ್ನೇ ಎಲ್ಲರಿಗೂ ಒಂದೇ ಥರ ಒಗ್ಗುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಈ ಮದ್ದನ್ನು ಮೈಯಿಂದ ಹೊರಹಾಕುವ ಶಕ್ತಿ ಕಡಿಮೆ. ಅಂಥವರಿಗೆ ಪ್ರಮಾಣ ಇಳಿಸುವುದನ್ನು ಯೋಚಿಸಬೇಕು ಎಂದು 2005ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮದ್ದಿನ ವಿವರಣೆಯಲ್ಲೇ ಎಚ್ಚರಿಕೆ ಸೇರಿಸಿದರು. ವಾರವಾರ ರಕ್ತ ಪರೀಕ್ಷೆ ಮಾಡಿ, ಬಿಳಿಕಣ ಎಣಿಸಿ, ಒಂದು ಸುತ್ತು ಮುಂದೂಡಿ, ಇನ್ನೊಂದು ಸುತ್ತಿಗೆ ಪ್ರಮಾಣ ಇಳಿಸಿ ವೈದ್ಯರು ಕೊಡುವುದು ಇದಕ್ಕಾಗಿಯೇ.

'ಆಸ್ಪತ್ರೆಯದೂ ಇರಲಿ, ಜೊತೆಗೆ ಕಷಾಯವೂ ಇರಲಿ, ನಷ್ಟವೇನು?' ಎಂದು ಬಹಳ ಜನ ಕೇಳುತ್ತಾರೆ. ಇದಕ್ಕೂ ಒಂದು ಉದಾಹರಣೆ ಇದೆ. ಯುರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ತೆಗೆದುಕೊಳ್ಳುವ ರೂಢಿ ಇದೆ. ನೈಸರ್ಗಿಕ, ನಿರಪಾಯ ಎಂದೇ ಅದರ ಹೆಸರು. ಇರಿನೋಟೆಕನ್ ಜೊತೆ ಅದನ್ನು ಕೊಟ್ಟಾಗ ಏನಾಗುತ್ತದೆ ಎಂದು ಹಾಲೆಂಡಿನ ವೈದ್ಯರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ರೋಗಿಗಳ ರಕ್ತದಲ್ಲಿ ಮದ್ದಿನ ಸಕ್ರಿಯ ರೂಪ ಶೇಕಡ 42ರಷ್ಟು ಇಳಿದಿತ್ತು! ಒಂದು ಮೂಲಿಕೆ ಇನ್ನೊಂದು ಮರದ ಮದ್ದನ್ನು ಸದ್ದಿಲ್ಲದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು. ರೋಗಿಗೆ ಗೊತ್ತಿಲ್ಲ, ವೈದ್ಯರಿಗೆ ಹೇಳದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ.

ಮಲೆನಾಡಿನ ಹಳ್ಳಿಗಳಲ್ಲಿ ನಾಟಿ ವೈದ್ಯರ ಮನೆ ಮುಂದೆ ನಡುರಾತ್ರಿಯಿಂದಲೇ ಸಾಲು ನಿಲ್ಲುವವರಲ್ಲಿ ಮುಂಬಯಿ, ಪುಣೆ, ಹೈದರಾಬಾದಿನವರೂ ಇರುತ್ತಾರೆ. ಅವರನ್ನು ನೋಡಿ ನಗುವ ಮನಸ್ಸು ನನಗಿಲ್ಲ. ಪರೇಲಿನ ಆಸ್ಪತ್ರೆಯ ಮುಂದಿನ ಫುಟ್‌ಪಾತಿನಲ್ಲಿ ಮಲಗಿರುವವರಿಗೂ ಆ ಸಾಲಿನಲ್ಲಿ ನಿಂತವರಿಗೂ ಇರುವ ಆಸೆ ಒಂದೇ. ನಮ್ಮವರು ಇನ್ನೂ ಸ್ವಲ್ಪ ದಿನ ನಮ್ಮ ಜೊತೆ ಇರಲಿ ಎಂಬುದು. ನಾನು ಕೇಳಿಕೊಳ್ಳುವುದು ಇಷ್ಟೇ. ಶುರುವಾದ ಚಿಕಿತ್ಸೆ ಬಿಡಬೇಡಿ. ಏನನ್ನೇ ಕುಡಿಸುವ ಮೊದಲು, ಕುಡಿಸಿದ್ದರೆ ಈಗಲಾದರೂ, ವೈದ್ಯರಿಗೆ ಹೇಳಿ. ಬೈದಾರು ಎಂದು ಮುಚ್ಚಿಡಬೇಡಿ.

ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು, ಹತ್ತಿರ ಇರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬ ಅರ್ಥದಲ್ಲಿ. ಅದು ನಿಜ. ನಾರುವ ಮರವೆಂದು ಮೂಗು ಮುಚ್ಚಿ ದಾಟಿದ್ದರಲ್ಲಿ ಎಂಥ ಸಂಪತ್ತಿತ್ತು! ಆದರೆ ಈಗ ಗಾದೆ ತಿರುಗಿ ಕೂತಿದೆ. ಹಿತ್ತಲಲ್ಲಿ ಬೆಳೆದದ್ದೆಲ್ಲ ಮದ್ದೇ ಎಂದು ನಂಬುವ ಕಾಲ ಬಂದಿದೆ. ಎರಡರ ನಡುವೆ ಇರುವುದು ವಾಲ್ ಸೋಸಿದ ಬಾಟಲಿಗಳು, ಅಂಧೇರಿಯ ಮೇಷ್ಟ್ರ ತಾಳ್ಮೆ, ಗೋರೆಗಾಂವ್‌ನ ಪ್ರಯೋಗಾಲಯ, ಸೋತ ಪ್ರಯೋಗದಲ್ಲಿ ನೋವುಂಡ ಹೆಸರಿಲ್ಲದ ರೋಗಿಗಳು. ಗಿಡ ಮದ್ದಾದದ್ದು ಅವರೆಲ್ಲರ ಕೈ ದಾಟಿ ಬಂದ ಮೇಲೆ.

ಪತ್ರ ಬರೆದ ಕೇಳುಗರೇ, ನಿಮ್ಮ ಅತ್ತಿಗೆಯವರ ಡ್ರಿಪ್ಪಿನಲ್ಲಿ ಇರಿನೋಟೆಕನ್ ಇದೆಯೇ ಎಂದು ಒಮ್ಮೆ ವೈದ್ಯರನ್ನು ಕೇಳಿ ನೋಡಿ. ಇದ್ದರೆ ಊರಿನ ನೆಂಟರಿಗೆ ಹೇಳಿ, ಘಟ್ಟದ ಮರದ ಮದ್ದು ಆಗಲೇ ಶುರುವಾಗಿದೆ ಎಂದು. ಅವರು ಬೇಗ ಚೇತರಿಸಿಕೊಳ್ಳಲಿ, ನಮ್ಮ ಕಾರ್ಯಕ್ರಮಕ್ಕೆ ಮುಂದಿನ ಪತ್ರ ಅವರೇ ಬರೆಯಲಿ. ಅವರಿಗಿಷ್ಟವಾದ ಹಾಡು ಯಾವುದು ಎಂದು ತಿಳಿಸಲು ಮಾತ್ರ ಮರೆಯಬೇಡಿ. ಮುಂದಿನ ವಾರ ನಮ್ಮ ಕಾರ್ಯಕ್ರಮ ಶುರುವಾಗುವುದು ಅದೇ ಹಾಡಿನಿಂದ.